ಶಿಬಿರ ಮುಗಿದ ಮೇಲಿನ ಬಟವಾಡೆ

ಮೂಡಿಗೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ತಮ್ಮ ಕಾಫಿ ತೋಟದಲ್ಲಿ ಕೆಲಸಕ್ಕಿದ್ದಾರೆ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ನಾಲ್ಕು ತಿಂಗಳು ಕುಡಿಯಲಿಲ್ಲ. ಹಣ್ಣು ಕೊಯ್ಯುವ ಸೀಸನ್ನಿನಲ್ಲಿ ಒಂದು ಶನಿವಾರ ವಾರದ ಕೂಲಿಯ ಬಟವಾಡೆ ತೆಗೆದುಕೊಂಡವರು ಮನೆಗೆ ಬಂದದ್ದು ಭಾನುವಾರ ಸಂಜೆ. "ದುಡ್ಡು ದಂಡ, ಅವನು ಉದ್ಧಾರ ಆಗಲ್ಲ ಅಂತ ತೋಟದ ಲೈನ್ ಮನೆಯವರೆಲ್ಲ ಹೇಳ್ತಾರೆ. ಸಂತೆಯಲ್ಲಿ ಒಬ್ಬ ಕುಡಿತ ಬಿಡಿಸುವ ಪುಡಿ ಅಂತ ಕೊಟ್ಟಿದ್ದಾನೆ, ಗೊತ್ತಾಗದ ಹಾಗೆ ಸಾರಿಗೆ ಹಾಕಿ ಅಂದ. ಹಾಕಲಾ?" ಎಂದು ಕೇಳಿದ್ದಾರೆ.

ಅಕ್ಕಾ, ಹಾಕಬೇಡಿ. ಅದರಲ್ಲಿ ಏನಿದೆ ಅಂತ ಕೊಟ್ಟವನಿಗೇ ಗೊತ್ತಿರಲಿಕ್ಕಿಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಅದನ್ನೂ ಹೀಗೆ ಕದ್ದು ಬೆರೆಸುವವರಿದ್ದಾರೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಡಾಕ್ಟರು ಪರೀಕ್ಷೆ ಮಾಡಿ, ಕುಡಿಯುವವರಿಗೇ ವಿವರ ಹೇಳಿ, ಅವರು ಹೂಂ ಅಂದ ಮೇಲೆ ಕೊಡುವ ಮಾತ್ರೆ ಅದು.

ಸಿಟ್ಟಿನಲ್ಲಿ ರೂಮಿಗೆ ಕೂಡಿ ಚಿಲಕ ಹಾಕುವುದೂ ಬೇಡ. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೇ ದಿನ ಇಲ್ಲದ್ದು ಕಾಣಿಸುವುದು, ಮನೆಯವರ ಗುರುತೇ ಸಿಗದಿರುವುದು ಆದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಲು ಹೋಗಿ ಹೊತ್ತು ಕಳೆದವರನ್ನು ನಾನು ನೋಡಿದ್ದೇನೆ.

ಇನ್ನು ದುಡ್ಡು ದಂಡ ಅನ್ನುವ ಮಾತು. ನಾಲ್ಕು ತಿಂಗಳು ಅಂದರೆ ಸುಮಾರು 17 ಬಟವಾಡೆ. ಅಷ್ಟನ್ನು ದಾಟಿದವರು ಒಂದರಲ್ಲಿ ಜಾರಿದರು. ಲೈನ್ ಮನೆಯವರು ಲೆಕ್ಕ ಹಿಡಿದದ್ದು ಆ ಒಂದನ್ನು ಮಾತ್ರ.

ನಮ್ಮ ಕಡೆ ಶಿಬಿರ ಅಂದರೆ ಹೆಚ್ಚಾಗಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರದು. ಎಂಟು ದಿನದಲ್ಲಿ ಮುಗಿಯುತ್ತದೆ. ಮುಗಿಸಿದವರು ಆಮೇಲೂ ಒಟ್ಟು ಸೇರಲಿ ಅಂತಲೇ ನವಜೀವನ ಸಮಿತಿ ಇರುವುದು. ನಿಮ್ಮ ತಮ್ಮ ಅದಕ್ಕೆ ಹೋಗುತ್ತಿದ್ದರಾ? ಕಾಗದದಲ್ಲಿ ಬರೆದಿಲ್ಲ. ಕೊಯ್ಲಿನಲ್ಲಿ ಪುರುಸೊತ್ತು ಎಲ್ಲಿ, ಅಲ್ವಾ. ತಪ್ಪು ನಮ್ಮದೂ ಇದೆ. ಸಮಾರೋಪದ ಹಾರ, ಪ್ರಮಾಣ, ಫೋಟೊ ಎಲ್ಲ ಪತ್ರಿಕೆಯಲ್ಲಿ ಹಾಕಿದ್ದೇವೆ. ಆರು ತಿಂಗಳು ಬಿಟ್ಟು ಹೋಗಿ ವಿಚಾರಿಸಿದ್ದು ಒಮ್ಮೆಯೂ ಇಲ್ಲ.

1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ವ್ಯವಹಾರಕ್ಕೆ ಅಂತ ಬಂದ ಒಬ್ಬರಿಗೆ, ಬಂದ ಕೆಲಸ ಕೆಟ್ಟು, ಕುಡಿಯುವ ಆಸೆ ಒತ್ತಿ ಬಂತು. ಬಿಟ್ಟು ಕೆಲವೇ ತಿಂಗಳಾಗಿತ್ತು. ಬಾರಿಗೆ ಹೋಗುವ ಬದಲು ಅಲ್ಲಿ ಇಲ್ಲಿ ಫೋನ್ ಮಾಡಿ, ತಮ್ಮ ಹಾಗೇ ಒದ್ದಾಡುತ್ತಿದ್ದ ಇನ್ನೊಬ್ಬರನ್ನು ಹುಡುಕಿದರು. ಸಿಕ್ಕವರು ಒಬ್ಬ ಸರ್ಜನ್. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಇಬ್ಬರ ಮಾತುಕತೆಯಿಂದ. ನಿಮ್ಮ ಲೈನಿನಲ್ಲೋ ಪಕ್ಕದ ತೋಟದಲ್ಲೋ ಕುಡಿತ ಬಿಟ್ಟವರು ಒಬ್ಬರಾದರೂ ಇರುತ್ತಾರೆ. ಶನಿವಾರ ರೈಟರ ಹತ್ತಿರ ದುಡ್ಡು ಇಸಿದುಕೊಂಡು ಮನೆ ಬಾಗಿಲವರೆಗೆ ಅವರು ಜೊತೆಗೆ ನಡೆಯಲಿ. ಬುದ್ಧಿ ಹೇಳುವುದು ಬೇಡ. ಸುಮ್ನೆ ಮಳೆ, ಕಾಫಿ ರೇಟು ಮಾತಾಡಿದರೂ ಸಾಕು. ಕೂಲಿಯನ್ನು ಹೆಂಡತಿಯ ಕೈಗೆ ಕೊಡಿಸುವ ಯೋಚನೆ ಬರೆದಿದ್ದೀರಿ. ನಿಮ್ಮ ತಮ್ಮನೇ ಕೇಳಿಕೊಂಡರೆ ಸರಿ. ಅವರನ್ನು ಬಿಟ್ಟು ನೀವು ನೀವೇ ತೀರ್ಮಾನಿಸಿದರೆ ಮನೆಯಲ್ಲಿ ಜಗಳಕ್ಕೆ ಇನ್ನೊಂದು ಕಾರಣ ಅಷ್ಟೇ. ಬೀಗರೂಟಕ್ಕೆ ಹೋದರೆ ಮೊದಲ ಪಂಕ್ತಿಯಲ್ಲೇ ಉಂಡು ಎದ್ದು ಬರಲಿ.

ಮತ್ತೆ ಶಿಬಿರಕ್ಕೆ ಕಳಿಸುವ ಮೊದಲು ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಕುಡಿಯುವ ಆಸೆ ತಗ್ಗಿಸುವ ಬೇರೆ ಮಾತ್ರೆಗಳಿವೆ. ಅಷ್ಟು ದೂರ ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಎರಡೂ ಹೊತ್ತು, ದುಡ್ಡಿಲ್ಲ. ತಮ್ಮನ ಹೆಂಡತಿಗೆ ನಿದ್ದೆಯೇ ಬರುತ್ತಿಲ್ಲ ಅಂತ ಕಾಗದದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ಆ ನಂಬರು ಅವರಿಗೂ ಆಗುತ್ತದೆ. ಮೊದಲು ಅವರ ಕೈಯಲ್ಲೇ ಮಾಡಿಸಿ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮುಂದಿನ ಶನಿವಾರ ಜೊತೆಗೆ ಯಾರು ಹೋದರು ಅಂತ ಒಂದು ಕಾರ್ಡು ಬರೆಯಿರಿ.

— ಸಂ.