ಹಬ್ಬದ ಮನೆಗೆ ಕ್ಯಾಮೆರಾ ಹಿಡಿದು ಹೋದರೆ

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಲೋಸಾರ್ ದಿನ, ಅಂದರೆ ಟಿಬೆಟಿಯನ್ನರ ಹೊಸ ವರ್ಷದ ದಿನ, ಮನೆಯವರ ಜೊತೆ ಬೈಲಕುಪ್ಪೆಯ ಒಂದು ಮಠಕ್ಕೆ ಹೋಗಿದ್ದರಂತೆ. ಪೂಜೆಗೆ ಕೂತಿದ್ದ ಭಿಕ್ಷುಗಳ ಸಾಲಿನ ನಡುವೆ ಮಗಳನ್ನು ನಿಲ್ಲಿಸಿ ಫೋಟೊ ತೆಗೆಯುವಾಗ ಒಬ್ಬ ಚಿಕ್ಕ ಲಾಮಾ ಕೈ ಅಡ್ಡ ಹಿಡಿದು “ಈಗ ಬೇಡ ಸಾರ್” ಅಂದರಂತೆ. “ನಮ್ಮ ನೆಲದಲ್ಲಿ ನಮಗೇ ಪಾಠವಾ?” ಅಂತ ಕೇಳಿದ್ದಾರೆ.

ಮಗಳ ಎದುರು ಹೀಗೆ ಹೇಳಿಸಿಕೊಳ್ಳುವುದು ಕಷ್ಟವೇ. ಕನ್ನಡದಲ್ಲಿ ದೊಡ್ಡದೊಂದು ಬೋರ್ಡ್ ಹಾಕಿದ್ದರೆ ಚೆನ್ನಾಗಿತ್ತು. ಅಷ್ಟು ಒಪ್ಪಿದೆ. ಉಳಿದದ್ದಕ್ಕೆ ನಿಮ್ಮ ಜೊತೆ ಜಗಳವೇ.

“ನಮ್ಮ ನೆಲ” ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. 1960ರ ಸುಮಾರಿಗೆ ಮೈಸೂರು ರಾಜ್ಯ, ನಿರಾಶ್ರಿತರಾಗಿ ಬಂದ ಟಿಬೆಟಿಯನ್ನರಿಗೆ ಬೈಲಕುಪ್ಪೆಯಲ್ಲಿ ಕೊಟ್ಟಿದ್ದು ಸುಮಾರು 3,000 ಎಕರೆ ಕಾಡು. ಅದನ್ನು ಕಡಿದು, ಆನೆ ಕಾಟ ತಡೆದುಕೊಂಡು, ಮುಸುಕಿನ ಜೋಳ ಬೆಳೆದವರು ಅವರು. ಚಳಿಗಾಲದಲ್ಲಿ ಊರೂರಿಗೆ ಬಂದು ಫುಟ್‌ಪಾತ್ ಮೇಲೆ ಸ್ವೆಟರ್ ಮಾರುವವರೂ ಅವರೇ. ಆ ವ್ಯಾಪಾರ ಮುಗಿಸಿ ಕ್ಯಾಂಪಿಗೆ ವಾಪಸ್ ಬಂದ ಮೇಲೆ, ಸಾಮಾನ್ಯವಾಗಿ ಫೆಬ್ರವರಿಯಲ್ಲೋ ಮಾರ್ಚಿನಲ್ಲೋ, ಲೋಸಾರ್. ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ದಿನ. ಯುಗಾದಿ ಬೆಳಗ್ಗೆ ನೀವು ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ ಟಿಟಿಯಲ್ಲಿ ಬಂದ ಇಪ್ಪತ್ತು ಜನ ದೇವರ ಕೋಣೆಗೆ ನುಗ್ಗಿ ಸೆಲ್ಫಿ ತೆಗೆದರೆ ಹೇಗಿರುತ್ತೆ, ಹೇಳಿ?

ನಮ್ಮ ಬೀದಿಯಲ್ಲಿ ಸ್ವೆಟರ್ ಮಾರುತ್ತಿದ್ದ ಒಬ್ಬ ಅಮ್ಮ (ಎಲ್ಲರೂ ಅವರನ್ನು ಆಮಾ ಲಾ ಅನ್ನುತ್ತಿದ್ದರು) ಒಂದು ವರ್ಷ ನನ್ನನ್ನು ಹಬ್ಬಕ್ಕೆ ಕರೆದರು. ವರ್ಷದ ಕೊನೆ ತಿಂಗಳ 29ರ ರಾತ್ರಿ ಗುಥುಕ್ ಅಂತ ಒಂದು ಬಿಸಿ ಸೂಪ್ ಮಾಡುತ್ತಾರೆ. ಗು ಅಂದರೆ ಒಂಬತ್ತು, ಒಂಬತ್ತು ಬಗೆ ಪದಾರ್ಥ ಹಾಕಬೇಕು. ಒಬ್ಬೊಬ್ಬರ ಬಟ್ಟಲಿಗೂ ಒಂದು ದೊಡ್ಡ ಹಿಟ್ಟಿನ ಉಂಡೆ. ಒಡೆದು ನೋಡಿದರೆ ಒಳಗೇನೋ ಬಚ್ಚಿಟ್ಟಿರುತ್ತಾರೆ. ಉಣ್ಣೆ ಸಿಕ್ಕವರದು ಮೃದು ಮನಸ್ಸು, ಇದ್ದಿಲು ಸಿಕ್ಕವರದು ಕರಿ ಮನಸ್ಸು, ಮೆಣಸಿನಕಾಯಿ ಸಿಕ್ಕವರು ಬಾಯಿಬಡುಕರು. ನನಗೆ ಏನು ಸಿಕ್ಕಿತು ಅಂತ ಈ ಅಂಕಣ ಓದುವವರಿಗೆ ಹೇಳಬೇಕಾಗಿಲ್ಲ.

ಹೊಸ ವರ್ಷದ ಬೆಳಗ್ಗೆ ಬೆಣ್ಣೆ ಕಲಸಿದ ಬಾರ್ಲಿ ಹಿಟ್ಟನ್ನು ಮುಂದೆ ಹಿಡಿದರು. ಚಿಟಿಕೆ ತೆಗೆದು ಮೂರು ಸಲ ಮೇಲಕ್ಕೆ ತೂರಿ, ಆಮೇಲೆ ಸ್ವಲ್ಪ ಬಾಯಿಗೆ ಹಾಕಿಕೊಳ್ಳಬೇಕು. ಜೊತೆಗೆ ಖಾಪ್ಸೆ, ನಮ್ಮ ಶಂಕರಪೋಳಿಯ ದೊಡ್ಡಣ್ಣ. ಮಠಕ್ಕೆ ಹೊರಟಾಗ ಆಮಾ ಲಾ ಹೇಳಿದ್ದು ನಾಲ್ಕೇ ಮಾತು. ಬಲಕ್ಕೆ ಸುತ್ತು. ಬುದ್ಧನ ಕಡೆ ಕಾಲು ಚಾಚಬೇಡ. ಗ್ರಂಥ ದಾಟಬೇಡ. ಏನು ಕೊಟ್ಟರೂ ಎರಡೂ ಕೈಯಲ್ಲಿ ತಗೋ. ಇದರಲ್ಲಿ ನಮ್ಮ ಅಜ್ಜಿ ಹೇಳಿಕೊಡದೇ ಇದ್ದದ್ದು ಯಾವುದು, ಸ್ವಾಮಿ? ಬೋರ್ಡ್ ಬೇಕು ಅಂತ ಮೇಲೆ ಸುಮ್ನೆ ಒಪ್ಪಿಬಿಟ್ಟೆ ಅನ್ನಿಸುತ್ತಿದೆ ಈಗ.

2009ರಲ್ಲಿ, ಹಿಂದಿನ ವರ್ಷ ಟಿಬೆಟ್‌ನಲ್ಲಿ ಚೀನಾ ವಿರುದ್ಧದ ಪ್ರತಿಭಟನೆಗಳಲ್ಲಿ ಸತ್ತವರಿಗಾಗಿ, ಬಹಳಷ್ಟು ಟಿಬೆಟಿಯನ್ನರು ಲೋಸಾರ್ ಸಂಭ್ರಮವನ್ನೇ ಬಿಟ್ಟರು. ಬೇಕಾದಾಗ ಬಿಡುವ ಹಕ್ಕೂ ಅವರದು, ಯಾಕೆಂದರೆ ಹಬ್ಬ ಅವರದು. ನಮಗೆ ಮಾತ್ರ ಅದು ‘ಕೂರ್ಗ್ ಪ್ಯಾಕೇಜ್’ನಲ್ಲಿ ಅರ್ಧ ಗಂಟೆ, ಒಂದು ಪ್ಲೇಟ್ ಮೋಮೊ. (ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯಲ್ಲಿ. ಎಷ್ಟು ಸಲ ಹೇಳಿದರೂ ಅಷ್ಟೇ.) ಬೇರೆಯವರ ಹಬ್ಬ ಹಾಗಿರಲಿ, ನಮ್ಮ ಜಾತ್ರೆಯಲ್ಲಿ ತೇರಿಗಿಂತ ಮೇಲೆ ಡ್ರೋನ್ ಹಾರುತ್ತೆ. ಮದುವೆಯಲ್ಲಿ ಅರ್ಧ ಅಕ್ಷತೆ ವಿಡಿಯೊದವನ ಬೆನ್ನಿಗೆ ಬೀಳುತ್ತೆ. ಗಂಡು ಹೆಣ್ಣು ಕಂಡರೋ ಇಲ್ಲವೋ, ಊಟಕ್ಕೆ ಸಾಲು.

ಮುಂದಿನ ಲೋಸಾರ್‌ಗೆ ಖಂಡಿತ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ. ಪೂಜೆ ಮುಗಿಯುವ ತನಕ ಗೋಡೆ ಪಕ್ಕ ಸುಮ್ಮನೆ ಕೂತಿರಿ. ಆಮೇಲೆ ಆ ಚಿಕ್ಕ ಲಾಮಾ ಕಂಡರೆ “ತಾಶಿ ದೆಲೆಕ್” ಅಂತ ಮಾತಾಡಿಸಿ, ಮಗಳ ಜೊತೆ ಒಂದು ಫೋಟೊಗೆ ನಿಲ್ಲುತ್ತೀರಾ ಅಂತ ಕೇಳಿ. ಅವರು “ಬೇಡ” ಅನ್ನಲಿಲ್ಲ, “ಈಗ ಬೇಡ” ಅಂದರು. ಅದೂ ಕನ್ನಡದಲ್ಲಿ, ಅಲ್ವಾ?