ಆಪ್ತಸಲಹೆ ಪ್ರಕರಣ: ಗುರುವಾರದ ಜಪಸರ

ಬೆಂಗಳೂರಿನ ಕನ್ನಡ ಕಥೋಲಿಕ ಕುಟುಂಬ. ತಂದೆ, ತಾಯಿ, ಅಜ್ಜಿ, ಒಂಬತ್ತನೇ ತರಗತಿಯ ಮಗ, ಎರಡನೇ ತರಗತಿಯ ಮಗಳು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ಮಗ ರಾತ್ರಿಯ ಜಪಸರಕ್ಕೆ (ಮಣಿಸರ ಹಿಡಿದು ಮಾಡುವ ಮರಿಯಮ್ಮನವರ ಜಪ) ಕೂರುವುದನ್ನು ಬಿಟ್ಟಿದ್ದಾನೆ, "ಇವನಿಗೆ ದೇವರೇ ಬೇಡವಂತೆ" ಎಂಬುದು ತಂದೆಯ ದೂರು.

ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಮಾತಾಡಿದಾಗ ಗೊತ್ತಾದದ್ದೇ ಬೇರೆ. ಚರ್ಚಿನಲ್ಲಿ ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸುವುದಿಲ್ಲ, ಧರ್ಮೋಪದೇಶದ ತರಗತಿಗೂ ಹೋಗುತ್ತಾನೆ. ಬೇಡವಾಗಿದ್ದು ಮನೆಯ ಆ ಮುಕ್ಕಾಲು ಗಂಟೆ. ಐದು ರಹಸ್ಯಗಳ (ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆಯ ಧ್ಯಾನ) ಜಪಸರಕ್ಕೆ ಇಪ್ಪತ್ತು ನಿಮಿಷ ಸಾಕು. ಇಲ್ಲಿ ಅದಕ್ಕೆ ಪ್ರಾರ್ಥನಾ ಮಾಲೆ (ಸಾಲು ಸಾಲಾಗಿ ಹೇಳುವ ಕೋರಿಕೆಗಳು), ನೊವೆನಾ (ಒಂಬತ್ತು ದಿನದ ಪ್ರಾರ್ಥನೆ), ತೀರಿಕೊಂಡವರಿಗಾಗಿ ಪ್ರಾರ್ಥನೆ ಎಲ್ಲ ಸೇರಿಕೊಂಡಿದ್ದವು. ಊಟವಾದ ಮೇಲೆ ಒಂಬತ್ತಕ್ಕೆ ಶುರು. ಮಗಳು ಮೂರನೇ ರಹಸ್ಯಕ್ಕೇ ತೂಕಡಿಸುತ್ತಿದ್ದಳು. ಕೊನೆಗೆ ತಂದೆಯ ಕೋರಿಕೆ, ಗಟ್ಟಿಯಾಗಿ: "ಪ್ರಭುವೇ, ಗಣಿತದಲ್ಲಿ ನಲವತ್ತೆರಡು ತಂದವನಿಗೆ ಒಳ್ಳೆಯ ಬುದ್ಧಿ ಕೊಡಿ." ಇದು ಪ್ರಾರ್ಥನೆಯಲ್ಲ, ದೇವರನ್ನು ಮಧ್ಯೆ ನಿಲ್ಲಿಸಿ ಬೈಯುವುದು. ಹದಿನಾಲ್ಕರ ಹುಡುಗನಿಗೆ ಅದು ತಕ್ಷಣ ತಿಳಿಯುತ್ತದೆ.

ಕಿಡಿ ಹೊತ್ತಿದ್ದು ಒಂದು ಗುರುವಾರ. ಯಾವ ದಿನ ಯಾವ ಐದು ರಹಸ್ಯ ಎಂಬ ಕ್ರಮವಿದೆ. ಅಜ್ಜಿ ರೂಢಿಯಂತೆ ಸಂತೋಷದ ರಹಸ್ಯ ಹಿಡಿದರು. "ಇವತ್ತು ಬೆಳಕಿನ ರಹಸ್ಯ, ಅಜ್ಜಿ" ಎಂದ ಮೊಮ್ಮಗ. "ಹಿರಿಯರಿಗೇ ತಿದ್ದುತ್ತೀಯಾ?" ಎಂದು ತಂದೆ ಗದರಿದರು. ಮಾರನೆಯ ದಿನದಿಂದ ಅವನು ಕೂರಲಿಲ್ಲ.

ಅಜ್ಜಿ, ಮೊಮ್ಮಗ ಇಬ್ಬರದೂ ಸರಿ. ಬೆಳಕಿನ ರಹಸ್ಯಗಳನ್ನು ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಸೇರಿಸಿದ್ದು 2002ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ಗುರುವಾರ ಸಂತೋಷದ ರಹಸ್ಯವೇ ಇತ್ತು. ಹೊಸದನ್ನು ಅವರು ಸೂಚಿಸಿದರೇ ಹೊರತು ಕಡ್ಡಾಯ ಮಾಡಲಿಲ್ಲ. ಅಜ್ಜಿಗೆ ಇದನ್ನು ಹೇಳಿದಾಗ ಅವರೇ ನಕ್ಕು, "ಗುರುವಾರ ಅವನೇ ನಡೆಸಲಿ ಬಿಡಿ" ಎಂದರು. ನಮ್ಮ ಸಲಹೆಯ ಬುಡ ಅಲ್ಲೇ ಸಿಕ್ಕಿತು.

ಗುರುವಾರ ಮಗನದು. ಪ್ರತಿ ರಹಸ್ಯಕ್ಕೆ ಮೊದಲು ಬೈಬಲಿನ ಶುಭಸಂದೇಶದಿಂದ ಎರಡು ಮೂರು ವಾಕ್ಯ ಓದಬೇಕು. ಬೆಳಕಿನ ರಹಸ್ಯಗಳಲ್ಲೊಂದಾದ ಕಾನಾ ಊರಿನ ಮದುವೆಗೆ, ಉದಾಹರಣೆಗೆ, ಯೊವಾನ್ನನ ಶುಭಸಂದೇಶದ 2ನೇ ಅಧ್ಯಾಯ. ಅವನು ಜಪ ಕಲಿತದ್ದು ಇಂಗ್ಲಿಷಿನಲ್ಲಿ, ಕನ್ನಡದ ವೇಗಕ್ಕೆ ತಡವರಿಸುತ್ತಾನೆ. ಆದ್ದರಿಂದ "ನಮೋ ಮರಿಯಾ" ಜಪವನ್ನು ದೊಡ್ಡಕ್ಷರದಲ್ಲಿ ಬರೆದು ಪೀಠದ ಬಳಿ ಇಡಿ, ಅವನು ತೊದಲಿದರೆ ತಿದ್ದಬೇಡಿ. ಉಳಿದ ದಿನ ಎಲ್ಲರೂ ಕೂಡಿ ಒಂದೇ ರಹಸ್ಯ: ಒಂದು ಪರಲೋಕ ಪ್ರಾರ್ಥನೆ (ಯೇಸು ಕಲಿಸಿದ ಪ್ರಾರ್ಥನೆ), ಹತ್ತು ನಮೋ ಮರಿಯಾ, ಒಂದು ತ್ರಿತ್ವಸ್ತುತಿ (ಪಿತ, ಸುತ, ಪವಿತ್ರಾತ್ಮರ ಸ್ತುತಿ), ಐದು ನಿಮಿಷದೊಳಗೆ. ಊಟಕ್ಕೆ ಮುಂಚೆ ಮುಗಿಯಲಿ. ಮಿಕ್ಕ ನಾಲ್ಕನ್ನು ಅಜ್ಜಿ ಮುಂದುವರಿಸುತ್ತಾರೆ, ಮನಸ್ಸಿದ್ದವರು ಕೂರಲಿ. ಕೋರಿಕೆಯಲ್ಲಿ ಅಂಕ, ಮೊಬೈಲು, ನಡತೆಯ ಮಾತು ಬೇಡ. ಒಬ್ಬೊಬ್ಬರು ತಮಗಾಗಿ ಒಂದೇ ವಾಕ್ಯ ಕೇಳಿಕೊಳ್ಳಲಿ, ತಂದೆಯೂ ಸೇರಿ. ಜಪಕ್ಕೆ ಬಾರದಿದ್ದರೆ ಮೊಬೈಲು ಕಿತ್ತುಕೊಳ್ಳುವ ಪದ್ಧತಿ ಪೂರ್ತಿ ನಿಲ್ಲಲಿ. ಶಿಕ್ಷೆಗೆ ಅಂಟಿಕೊಂಡ ಭಕ್ತಿ ಹಾಸ್ಟೆಲ್ ಸೇರಿದ ಮೊದಲ ವಾರಕ್ಕೇ ಕಳಚುತ್ತದೆ.

ಆರು ವಾರಗಳ ನಂತರ ಬಂದಾಗ ಮಗ ವಾರದಲ್ಲಿ ನಾಲ್ಕು ದಿನ ಕೂರುತ್ತಿದ್ದ. ತಾಯಿ, ಅಜ್ಜಿಗೆ ಸಮಾಧಾನ. ತಂದೆ ಮಾತ್ರ ಉಳಿದ ಮೂರು ದಿನದ ಲೆಕ್ಕ ಕೇಳಿದರು. ಮುಂದಿನ ಭೇಟಿಗೆ ಅವರೊಬ್ಬರೇ ಬರಬೇಕೆಂದು ತಿಳಿಸಿದ್ದೇವೆ.