ಜನರ ಮಧ್ಯೆ ಎದೆ ಡವಗುಟ್ಟಿದಾಗ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಪ್ಯಾನಿಕ್ ಅಟ್ಯಾಕ್. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಕೊಂಡು ಇವನ್ನೇ ತಗೊಂಡಿದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಆರು ವರ್ಷ ಇದನ್ನ ಅನುಭವಿಸಿದವಳು, ಆಮೇಲೆ ಇದೇ ತೊಂದರೆ ಇರೋರ ಗುಂಪಲ್ಲಿ ಕೂತು ಒಂದಷ್ಟು ಕಲಿತವಳು, ಅಷ್ಟೇ.

ಪ್ರಶ್ನೆ: ಅಕ್ಕಾ, ನಂಗೆ 34 ವರ್ಷ. ನಾಲ್ಕು ತಿಂಗಳ ಹಿಂದೆ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಮಾಡ್ಸೋಕೆ ಕ್ಯೂನಲ್ಲಿ ನಿಂತಿದ್ದೆ, ಇದ್ದಕ್ಕಿದ್ದಂಗೆ ಎದೆ ಡವಡವ ಹೊಡ್ಕೊಳೋಕೆ ಶುರುವಾಯ್ತು, ಉಸಿರು ಸಾಲ್ತಿಲ್ಲ ಅನ್ನಿಸ್ತು, ಬೆರಳೆಲ್ಲ ಜುಮುಜುಮು, ಪಕ್ಕದವರ ಮಾತು ಎಲ್ಲೋ ದೂರದಿಂದ ಕೇಳಿಸಿದಂಗೆ. ಸತ್ತೇ ಹೋಗ್ತೀನಿ ಅನ್ಕೊಂಡು ತುಂಬಿದ ಟ್ರಾಲಿ ಅಲ್ಲೇ ಬಿಟ್ಟು ಓಡಿಬಂದೆ. ಇಸಿಜಿ, ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲಾ ನಾರ್ಮಲ್. ಡಾಕ್ಟರು ಪ್ಯಾನಿಕ್ ಅಟ್ಯಾಕ್ ಅಂದ್ರು, ಕೌನ್ಸೆಲಿಂಗ್‌ಗೂ ಬರೆದುಕೊಟ್ಟಿದಾರೆ. ಆದ್ರೆ ಅವತ್ತಿಂದ ನಮ್ಮನೆಯವ್ರು ಜೊತೆಗಿಲ್ದೆ ನಾನು ಎಲ್ಲಿಗೂ ಹೋಗ್ತಿಲ್ಲ. ಇಂಥೋರೇ ಸೇರೋ ಒಂದು ಗುಂಪಿದೆ ಬಾ ಅಂತ ಗೆಳತಿ ಕರೀತಿದಾಳೆ. ನನ್ನ ಥರಾನೇ ನಡುಗೋರು ನಂಗೇನು ಸಹಾಯ ಮಾಡ್ತಾರೆ? ಅವರ ಕಥೆ ಕೇಳಿ ನಂದು ಇನ್ನೂ ಜಾಸ್ತಿ ಆಗಲ್ವಾ?

ಉತ್ತರ: ಟ್ರಾಲಿ ಬಿಟ್ಟು ಓಡಿಬಂದೆ ಅಂದ್ರಲ್ಲ, ಅದನ್ನ ಓದಿ ನಂಗೆ ನಗು ಬಂತು, ತಪ್ಪು ತಿಳ್ಕೋಬೇಡಿ. ನಮ್ಮ ಗುಂಪಿಗೆ ಹೋದ ಮೊದಲನೇ ದಿನ ನಾನೂ ಇಂಥದ್ದೇ ಒಂದು ಹೇಳ್ಕೊಂಡೆ, ಎದುರಿಗೆ ಕೂತಿದ್ದ ರಿಟೈರ್ಡ್ ಮೇಷ್ಟ್ರು ಒಬ್ರು, "ಅದೇನು ದೊಡ್ಡದು ಬಿಡಮ್ಮ, ನಾನು ಅರ್ಧ ಕಟಿಂಗ್ ಆದ ತಲೆ ಇಟ್ಕೊಂಡು ಮೈಮೇಲೆ ಬಟ್ಟೆ ಹೊದ್ದಿದ್ದಂಗೇ ಸಲೂನಿಂದ ಎದ್ದು ಬಂದಿದೀನಿ" ಅಂದ್ರು. ಒಂದು ಕಡೆ ಕೂದಲಿದೆ, ಇನ್ನೊಂದು ಕಡೆ ಇಲ್ಲ, ಹಂಗೇ ಎರಡು ದಿನ ಟೋಪಿ ಹಾಕ್ಕೊಂಡು ಓಡಾಡಿದ್ರಂತೆ. ಇಡೀ ರೂಮು ನಕ್ಕಿತು, ಅವರೂ ನಕ್ರು. ಮನೇಲೂ ಹೇಳ್ದೆ ಮುಚ್ಚಿಟ್ಟುಕೊಂಡಿದ್ದ ನನ್ನ ನಾಚಿಕೆ ಅವತ್ತು ಅರ್ಧ ಇಳೀತು. ನಡುಗೋರು ಏನು ಸಹಾಯ ಮಾಡ್ತಾರೆ ಅಂದ್ರಲ್ಲ, ಒಂದು ಇದು.

ಆ ಹೊತ್ತಲ್ಲಿ ಮೈಯೊಳಗೆ ಏನಾಗತ್ತೆ ಅಂತ ತಿಳ್ಕೊಂಡ್ರೆ ಮುಂದಿನದ್ದು ಹೇಳೋದು ಸುಲಭ. ಅಪಾಯ ಬಂದಾಗ ಹೊಡೆದಾಡೋಕೋ ಓಡಿಹೋಗೋಕೋ ಮೈ ತಯಾರಾಗತ್ತೆ, ಅಡ್ರಿನಲಿನ್ ಹರಿಯತ್ತೆ, ಎದೆ ಜೋರಾಗತ್ತೆ, ಉಸಿರು ವೇಗವಾಗತ್ತೆ. ಪ್ಯಾನಿಕ್‌ನಲ್ಲಿ ಇದೆಲ್ಲಾ ಆಗತ್ತೆ, ಅಪಾಯ ಮಾತ್ರ ಇರಲ್ಲ. ನಿಂತಲ್ಲೇ ನಿಂತು ಓಡೋನ ಹಂಗೆ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗತ್ತೆ, ಮೆದುಳಿಗೆ ಹೋಗೋ ರಕ್ತನಾಳ ಸ್ವಲ್ಪ ಕಿರಿದಾಗತ್ತೆ, ಅದಕ್ಕೇ ತಲೆ ತೇಲಿದಂಗೆ, ಬೆರಳು ತುಟಿ ಜುಮ್ ಅನ್ನೋದು, ಎಲ್ಲಾ ಕನಸಿನಲ್ಲಿ ನಡೀತಿದೆ ಅನ್ಸೋದು. ತಮಾಷೆ ನೋಡಿ, ಉಸಿರು ಸಾಲ್ತಿಲ್ಲ ಅನ್ಸೋ ಹೊತ್ತಲ್ಲಿ ನಾವು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡ್ತಿರ್ತೀವಿ. ಇನ್ನು ತಲೆ ತಿರುಗಿ ಬಿದ್ದುಬಿಡ್ತೀನಿ ಅನ್ನೋ ಭಯ ಎಲ್ಲರಿಗೂ ಇರತ್ತೆ, ಆದ್ರೆ ಎಚ್ಚರ ತಪ್ಪೋದು ಸಾಮಾನ್ಯವಾಗಿ ಬಿಪಿ ಬಿದ್ದಾಗ, ಪ್ಯಾನಿಕ್‌ನಲ್ಲಿ ಬಿಪಿ ಏರಿರತ್ತೆ, ಹಾಗಾಗಿ ಬೀಳೋದು ತುಂಬಾ ಅಪರೂಪ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯೋಕೆ ಶುರುವಾಗತ್ತೆ.

1986ರಲ್ಲಿ ಡೇವಿಡ್ ಕ್ಲಾರ್ಕ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಇದರ ಸುತ್ತು ಹೇಗೆ ತಿರುಗತ್ತೆ ಅಂತ ವಿವರಿಸಿದ್ರು. ಎದೆ ಹೊಡ್ಕೊಳತ್ತೆ, ನಾವು ಅದನ್ನ ಹಾರ್ಟ್ ಅಟ್ಯಾಕ್ ಅಂತ ಅರ್ಥ ಮಾಡ್ಕೋತೀವಿ, ಆ ಅರ್ಥಕ್ಕೆ ಹೆದರಿ ಎದೆ ಇನ್ನೂ ಜೋರಾಗಿ ಹೊಡ್ಕೊಳತ್ತೆ. ಈಗಿನ ಸಿಬಿಟಿಯಲ್ಲಿ, ಅಂದ್ರೆ ಯೋಚನೆ, ನಡವಳಿಕೆ ಎರಡನ್ನೂ ತಿದ್ದೋ ಮಾತಿನ ಚಿಕಿತ್ಸೆಯಲ್ಲಿ, ಆ ತಪ್ಪು ಅರ್ಥಕ್ಕೇ ಕೈ ಹಾಕೋದು.

ಇಷ್ಟೆಲ್ಲಾ ಡಾಕ್ಟರೂ ಹೇಳಿರ್ತಾರೆ. ಡಾಕ್ಟರು ಹೇಳಿದ್ದು ತಲೆಗೆ ಹೋಗತ್ತೆ, ಹೊಟ್ಟೆಗಿಳಿಯಲ್ಲ. ಅದೇ ಮಾತನ್ನ ಹೋದ ವಾರ ಲಿಫ್ಟ್‌ನಲ್ಲಿ ಬೆವೆತು ಒದ್ದೆಯಾದವಳು, "ನಂಗೂ ಬೆರಳು ಜುಮ್ ಅಂತು ಕಣೆ, ಆರನೇ ಫ್ಲೋರ್‌ವರೆಗೂ ಹೋದೆ, ಇಳಿದೆ" ಅಂತ ಹೇಳಿದ್ರೆ ಇಳಿಯತ್ತೆ. ಇದೇನು ಹೊಸ ಉಪಾಯ ಅಲ್ಲ. 1937ರಲ್ಲಿ ಶಿಕಾಗೋದಲ್ಲಿ ಅಬ್ರಹಾಂ ಲೋ ಅನ್ನೋ ಮನೋವೈದ್ಯರು ಆಸ್ಪತ್ರೆಯಿಂದ ಮನೆಗೆ ಹೋದ ಪೇಶೆಂಟ್‌ಗಳನ್ನ ಸೇರಿಸಿ ಒಂದು ಗುಂಪು ಕಟ್ಟಿದ್ರು, ಆಮೇಲೆ ಅದನ್ನ ಆ ಪೇಶೆಂಟ್‌ಗಳೇ ನಡೆಸ್ಕೊಂಡು ಹೋದ್ರು. ಅಲ್ಲಿ ಜೀವನ ಕಥೆ ಹೇಳೋ ಹಂಗಿಲ್ಲ, ಈ ವಾರದ ಒಂದು ಸಣ್ಣ ಘಟನೆ ಹೇಳ್ಬೇಕು, ಮೈ ಏನು ಮಾಡ್ತು, ಮನಸ್ಸು ಏನು ಹೇಳ್ತು, ನೀವೇನು ಮಾಡಿದ್ರಿ, ಮೊದಲಾಗಿದ್ರೆ ಏನು ಮಾಡ್ತಿದ್ರಿ. ಸಂಕಟ ಹೌದು, ಅಪಾಯ ಇಲ್ಲ ಅನ್ನೋದು ಅವರ ಮಾತು. ನಮ್ಮ ಗುಂಪಲ್ಲೂ ಇದನ್ನ ಎಷ್ಟು ಸಲ ಹೇಳಿದೀವೋ ಲೆಕ್ಕ ಇಲ್ಲ.

ಈಗ ನಿಮ್ಮನೆಯವರ ವಿಷಯ, ನಿಮ್ಮ ಪತ್ರದಲ್ಲಿ ನಂಗೆ ಚಿಂತೆ ಆಗಿದ್ದು ಇದೊಂದೇ. ಅವರು ಜೊತೆಗಿದ್ದಾಗ ಏನೂ ಆಗಲಿಲ್ಲ ಅಂದ್ರೆ ಮನಸ್ಸು ಅದರ ಕ್ರೆಡಿಟ್ಟು ನಿಮಗೆ ಕೊಡಲ್ಲ, ಅವರಿಗೆ ಕೊಡತ್ತೆ, ಇವರಿದ್ರು ಅದಕ್ಕೇ ಬಚಾವಾದೆ ಅಂತ. ಮುಂದಿನ ಸಲ ಅವರು ಇನ್ನೂ ಬೇಕಾಗ್ತಾರೆ. ಅಷ್ಟೇ ಅಲ್ಲ, ಬ್ಯಾಗಲ್ಲಿ ನೀರಿನ ಬಾಟಲಿ, ಮಾತ್ರೆ ಸ್ಟ್ರಿಪ್ಪು, ಯಾವಾಗಲೂ ಬಾಗಿಲ ಹತ್ರದ ಸೀಟು, ಎಲ್ಲಾ ಇದೇ ಜಾತಿ. ಜೊತೆಗಾರರು ಬೇಡ ಅಂತಿಲ್ಲ, ಆದ್ರೆ ದಿನದಿಂದ ದಿನಕ್ಕೆ ಕಮ್ಮಿ ಆಗೋ ಜೊತೆಗಾರರು ಬೇಕು, ಆ ಲೆಕ್ಕ ಮನೆಯವರಿಗಿಂತ ಗುಂಪಿನವರಿಗೆ ಚೆನ್ನಾಗಿ ಗೊತ್ತಿರತ್ತೆ, ಯಾಕಂದ್ರೆ ಅವರೂ ಹಂಗೇ ದಾಟಿ ಬಂದಿರ್ತಾರೆ, ನಿಮ್ಮ ಮುಖ ಬಿಳಿಚಿಕೊಂಡ್ರೆ ಕರುಳು ಕಿತ್ತು ಬಂದಂಗಾಗಿ ಹೊರಗೆ ಎಳ್ಕೊಂಡು ಹೋಗಲ್ಲ.

ನನ್ನ ಜೊತೆ ಗುಂಪಿನ ಒಬ್ಬಳು ಬರ್ತಿದ್ಲು. ಮೊದಲ ಸಲ ಸುಮ್ನೆ ಒಂದು ಅಂಗಡಿ ಕ್ಯೂಗೆ ಹೋಗಿ ನಿಂತ್ವಿ, ತಗೊಳೋಕೆ ಏನೂ ಇರಲಿಲ್ಲ, ಒಂದು ರಬ್ಬರ್ ಎತ್ಕೊಂಡೆ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಮಾರ್ಕ್ಸು ಅಂತ ಮೊದಲೇ ಮಾತಾಗಿತ್ತು. ಅವಳು ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, "ಎಷ್ಟು?" ಆರು ಅಂದೆ. ಸ್ವಲ್ಪ ಹೊತ್ತಿಗೆ ಎಂಟು. ಮುಂದಿದ್ದೋರ ಕಾರ್ಡು ಕೆಲಸ ಮಾಡ್ಲಿಲ್ಲ, ಕ್ಯೂ ನಿಂತುಬಿಡ್ತು, ಒಂಬತ್ತು. ಕೈ ಬೆವರಿಗೆ ರಬ್ಬರ್‌ನ ಪೇಪರ್ ಕವರ್ ಒದ್ದೆಯಾಗಿ ಕೈಗೇ ಬಂತು. ಹೋಗೋಣ ಅಂದೆ. "ಹೋಗೋಣ, ಏಳಕ್ಕೆ ಇಳೀಲಿ, ಆಮೇಲೆ" ಅಂದ್ಲು. ಏಳಕ್ಕೆ ಇಳಿದಾಗ ಹೋಗೋದು ಬೇಡ ಅನ್ನಿಸ್ತು. ಎರಡನೇ ವಾರ ಅವಳು ಬಾಗಿಲ ಹತ್ರ ನಿಂತ್ಲು, ಆಮೇಲೆ ಹೊರಗೆ, ಆಮೇಲೆ ಅವಳ ಮನೇಲೇ ಫೋನ್ ಹಿಡ್ಕೊಂಡು. ಕೊನೆಗೆ ಅವಳಿಗೆ ಹೇಳೋದೇ ಮರೆತು ಹೋಗಿ ಬಂದಿದ್ದೆ, ರಾತ್ರಿ ಹೇಳಿದಾಗ ಬೈದ್ಲು. ನಡುವೆ ಎರಡು ಸಲ ಓಡಿಬಂದಿದ್ದೂ ಇದೆ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಂದ ಮತ್ತೆ ಶುರು ಮಾಡಿದ್ವಿ.

ಕೌನ್ಸೆಲಿಂಗ್ ಬಿಡಬೇಡಿ. ಮಾತ್ರೆ ಕೊಟ್ಟಿದ್ರೆ ಗುಂಪಲ್ಲಿ ಯಾರೋ ಹೇಳಿದ್ರು ಅಂತ ನಿಲ್ಲಿಸಲೂಬೇಡಿ, ಇದಕ್ಕೆ ಕೊಡೋ ಡಿಪ್ರೆಶನ್ ಮಾತ್ರೆಗಳು ಕೆಲಸ ಶುರು ಮಾಡೋಕೇ ಕೆಲವು ವಾರ ತಗೊಳತ್ತೆ. ಕಥೆ ಕೇಳಿ ಜಾಸ್ತಿ ಆಗತ್ತಾ ಅಂದ್ರಲ್ಲ, ಕೆಟ್ಟ ಗುಂಪಾದ್ರೆ ಆಗತ್ತೆ. ಅದಕ್ಕೆ ಕೊನೆಯ ಪತ್ರ ಓದಿ.

ಪ್ರಶ್ನೆ: ನನ್ನ ಫ್ರೆಂಡ್‌ಗೆ ಬಸ್ಸಲ್ಲಿ ಪ್ಯಾನಿಕ್ ಅಟ್ಯಾಕ್ ಬಂತು. "ಏನೂ ಆಗಲ್ಲ ಬಿಡು, ಜೋರಾಗಿ ಉಸಿರು ಎಳ್ಕೋ" ಅಂದೆ. ಅವನಿಗೆ ಇನ್ನೂ ಜಾಸ್ತಿ ಆಯ್ತು, ಆಮೇಲೆ ನನ್ನ ಮೇಲೆ ಸಿಟ್ಟಾದ. ಏನು ಮಾಡ್ಬೇಕಿತ್ತು ಮೇಡಂ?

ಉತ್ತರ: ಸಿಟ್ಟಾಗಿದ್ದು ಸರಿ ಇದೆ, ಅವನಿಗೆ ಆಗ್ಲೇ ಏನೇನೋ ಆಗ್ತಿದೆ, ನೀವು ಏನೂ ಆಗಲ್ಲ ಅಂತೀರ! ಜೋರಾಗಿ ಉಸಿರು ಎಳ್ಕೊಳೋದು ತೊಂದರೆಯನ್ನ ಜಾಸ್ತಿ ಮಾಡತ್ತೆ, ಮೇಲೆ ಹೇಳಿದೀನಲ್ಲ. ಸಣ್ಣದಾಗಿ ಮೂಗಲ್ಲಿ ಎಳ್ಕೊಂಡು ಅದಕ್ಕಿಂತ ನಿಧಾನವಾಗಿ ಬಿಡಬೇಕು, ಹೇಳೋ ಬದ್ಲು ನೀವೇ ಪಕ್ಕದಲ್ಲಿ ಹಂಗೆ ಉಸಿರಾಡಿ, ಅವನ ಉಸಿರು ತಾನಾಗೇ ಹಿಂದೆ ಬರಬಹುದು. ಮಾತು ಕಮ್ಮಿ. "ಇದು ಪ್ಯಾನಿಕ್ ಕಣೋ, ಇಳಿಯತ್ತೆ, ನಾನಿಲ್ಲೇ ಇದೀನಿ", ಅಷ್ಟು ಸಾಕು. ಆಮೇಲೆ ಆಯ್ಕೆ ಅವನಿಗೇ ಬಿಡಿ, ಇಲ್ಲೇ ಇರೋಣ್ವಾ, ಇಳಿಯೋಣ್ವಾ ಅಂತ. ಕೇಳದೆ ಭುಜ ಹಿಡ್ಕೊಳೋದು, ಗಾಳಿ ಬಿಡ್ರಪ್ಪಾ ಅಂತ ಬಸ್ಸಿಗೆಲ್ಲ ಸಾರೋದು ಬೇಡ, ಅವನಿಗೆ ಅರ್ಧ ಭಯ ಜನ ನೋಡ್ತಾರೆ ಅನ್ನೋದೇ. ಇಳಿದ ಮೇಲೆ ಸುಸ್ತಾಗಿರತ್ತೆ, ಅವತ್ತೇ ವಿಚಾರಣೆ ಮಾಡ್ಬೇಡಿ. ಎರಡು ದಿನ ಬಿಟ್ಟು ಇನ್ನೊಂದ್ಸಲ ಹಿಂಗಾದ್ರೆ ನಾನೇನು ಮಾಡ್ಲಿ ಅಂತ ಕೇಳಿ, ಒಂದು ಸನ್ನೆ ಇಟ್ಕೊಳ್ಳಿ.

ಒಂದು ಎಚ್ಚರಿಕೆ. ಎದೆ ನೋವು ಕೈಗೋ ದವಡೆಗೋ ಹರಡ್ತಿದ್ರೆ, ನಿಜವಾಗ್ಲೂ ಎಚ್ಚರ ತಪ್ಪಿದ್ರೆ, ಜೀವನದಲ್ಲಿ ಮೊದಲನೇ ಸಲ ಹೀಗಾಗ್ತಿದ್ರೆ, ಎಷ್ಟು ಹೊತ್ತಾದ್ರೂ ಇಳೀತಿಲ್ಲ ಅಂದ್ರೆ, ಪ್ಯಾನಿಕ್ಕೇ ಇರಬೇಕು ಅಂತ ನೀವು ತೀರ್ಮಾನ ಮಾಡ್ಬೇಡಿ. ಆಂಬುಲೆನ್ಸ್ ಕರೀರಿ.

ಪ್ರಶ್ನೆ: ಪೇಪರ್ ಕವರ್ ಬಾಯಿಗಿಟ್ಟುಕೊಂಡು ಉಸಿರಾಡಿದ್ರೆ ನಿಲ್ಲತ್ತಂತೆ, ಹೌದಾ?

ಉತ್ತರ: ಬೇಡ. ಸಿನಿಮಾದಲ್ಲಿ ಚೆನ್ನಾಗಿ ಕಾಣತ್ತೆ. ಅಸ್ತಮಾನೋ ಹಾರ್ಟ್ ತೊಂದರೆನೋ ಆಗಿದ್ದು ಅದನ್ನ ಪ್ಯಾನಿಕ್ ಅನ್ಕೊಂಡು ಕವರ್ ಇಟ್ರೆ ಆಕ್ಸಿಜನ್ ಕಮ್ಮಿಯಾಗಿ ಜೀವಕ್ಕೇ ಅಪಾಯ.

ಪ್ರಶ್ನೆ: ನಾವು ಆರು ಜನ ಪ್ಯಾನಿಕ್ ಇರೋರು ಸೇರಿ ಫೋನಲ್ಲಿ ಒಂದು ಗ್ರೂಪ್ ಮಾಡ್ಕೊಂಡಿದೀವಿ. ಶುರುವಲ್ಲಿ ತುಂಬಾ ಚೆನ್ನಾಗಿತ್ತು. ಈಗ ರಾತ್ರಿ ಒಂದು ಗಂಟೆಗೆ "ನನ್ನ ಪಲ್ಸ್ 104 ಇದೆ, ಇದು ನಾರ್ಮಲ್ಲಾ?" ಅಂತ ಮೆಸೇಜ್ ಬರತ್ತೆ. ಅದನ್ನ ನೋಡಿ ನಾನೂ ಎದ್ದು ಪಲ್ಸ್ ನೋಡ್ಕೋತೀನಿ. ಮೊದಲು ಈ ಚಟ ನಂಗಿರಲಿಲ್ಲ. ಬಿಡೋಕೆ ಮನಸ್ಸಿಲ್ಲ, ಇರೋಕೂ ಆಗ್ತಿಲ್ಲ.

ಉತ್ತರ: ನಾರ್ಮಲ್ ಕಣೋ ಅಂತ ನಾಲ್ಕು ಜನ ಹೇಳಿದ್ರೆ ಹತ್ತು ನಿಮಿಷ ನೆಮ್ಮದಿ, ಆಮೇಲೆ ಐದನೆಯವರು ಯಾಕೆ ಹೇಳ್ಲಿಲ್ಲ ಅನ್ನೋ ಯೋಚನೆ. ನಮ್ಮ ಗುಂಪೂ ಒಂದು ಕಾಲದಲ್ಲಿ ಈ ಗುಂಡಿಗೆ ಬಿದ್ದಿತ್ತು, ಒಬ್ಬರಿಗೆ ಎಡಗೈ ಜೋಮು ಅಂದ್ರೆ ಸಂಜೆಯೊಳಗೆ ಮೂರು ಎಡಗೈ ಜೋಮು ಹಿಡೀತಿತ್ತು. ಕೊನೆಗೆ ಮಾತಾಡಿಕೊಂಡು ಪಲ್ಸ್, ಬಿಪಿ ನಂಬರ್ ಹಾಕೋ ಹಂಗಿಲ್ಲ, ಮಾತ್ರೆ ಡೋಸ್ ಹೇಳೋ ಹಂಗಿಲ್ಲ ಅಂತ ಮಾಡಿದ್ವಿ. ಯಾರಾದ್ರೂ ಇದು ನಾರ್ಮಲ್ಲಾ ಅಂತ ಕೇಳಿದ್ರೆ ಹೌದು ಅಲ್ಲ ಎರಡೂ ಹೇಳಲ್ಲ, ಈಗ ಏನು ಮಾಡ್ತಿದ್ದೆ, ಅದನ್ನೇ ಮುಂದುವರಿಸು ಅಂತೀವಿ. ಒರಟು ಅನ್ಸತ್ತೆ, ಮೊದಲ ವಾರ ಒಬ್ಬರು ಮುನಿಸ್ಕೊಂಡು ಹೋಗಿ ತಿರುಗಿ ಬಂದ್ರು. ಬದುಕೋದೇ ಬೇಡ ಅನ್ನೋ ಥರದ ಮಾತು ಬಂದ್ರೆ ಮಾತ್ರ ಈ ನಿಯಮ ಯಾವುದೂ ಇಲ್ಲ, ತಕ್ಷಣ ಫೋನ್ ಮಾಡಿ, ಅವರ ಮನೆಯವರನ್ನೋ ಆಸ್ಪತ್ರೆಯನ್ನೋ ಸೇರಿಸ್ಕೊಳ್ಳಿ, ಅದು ಆರು ಜನ ಹೊತ್ಕೊಳೋ ಭಾರ ಅಲ್ಲ.

ರಾತ್ರಿ ಗ್ರೂಪ್ ಮ್ಯೂಟ್ ಮಾಡಿ ಮಲಗಿ, ಅದರಲ್ಲಿ ದ್ರೋಹ ಏನಿಲ್ಲ. ಬೆಳಿಗ್ಗೆ ಎದ್ದು ಏನು ಅನ್ನಿಸ್ತು ಅನ್ನೋದ್ರ ಬದ್ಲು ಏನು ಮಾಡಿದೆ ಅನ್ನೋದನ್ನ ನೀವೇ ಮೊದಲು ಹಾಕೋಕೆ ಶುರು ಮಾಡಿ. "ಇವತ್ತು ಬಸ್ಸಲ್ಲಿ ಎರಡು ಸ್ಟಾಪ್ ಹೋದೆ, ಹತ್ತೋವಾಗ ಎಂಟು, ಇಳಿಯೋವಾಗ ಐದು." ಯಾರೂ ರಿಪ್ಲೈ ಮಾಡ್ಲಿಲ್ಲ ಅಂದ್ರೂ ಮಾರನೇ ದಿನ ಮೂರು ಸ್ಟಾಪ್ ಹೋಗಿ ಬಂದು ಅದನ್ನೂ ಹಾಕಿ.